ಹಾರ್ನ್ ಕೂಗಿದರೆ ಸುಮ್ಮನೆ ಕೂರಬೇಡ ಮಗಳೇ

ಪುಟ್ಟಿ,

ಭಾನುವಾರ ರಾತ್ರಿ ಊಟದ ಹೊತ್ತಿನಲ್ಲಿ ಆದ ಮಾತುಗಳನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ಇಬ್ಬರಿಗೂ ನೆನಪಿದೆ. ನೀನು ಎದ್ದು ಹೋದ ಮೇಲೆ ನಿಮ್ಮಮ್ಮ ಬಹಳ ಹೊತ್ತು ಮಾತಾಡಲಿಲ್ಲ, ನಿನ್ನ ತಟ್ಟೆಯನ್ನೂ ತೆಗೆಯಲಿಲ್ಲ. ನಾಡಿದ್ದು ನೀನು ಗುರುಗ್ರಾಮಕ್ಕೆ ಗಗನಸಖಿಯ ತರಬೇತಿಗೆ ಹೊರಡುತ್ತೀಯ. ಎದುರು ಕೂತು ಹೇಳಲು ಹೋದರೆ ಮತ್ತೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೆಂಟರು ಏನಂದುಕೊಳ್ಳುತ್ತಾರೋ ಅಂತ ನಾನು ಬೇಡ ಅಂದೆ ಎಂದು ನೀನು ತಿಳಿದಿದ್ದೀಯ. ಖಂಡಿತ ಹಾಗಲ್ಲ. ನಿಮ್ಮಮ್ಮನ ಭಯ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ್ದು. ಅವಳ ತವರು ಆ ಕಡೆಯದು, 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ನನ್ನ ಭಯ ಬೇರೆ. ಬಾಳೆಲ್ಲ ವಿಮಾನದ ಹೊಟ್ಟೆಯೊಳಗೆ ಕೈಯಾಡಿಸಿದವನ ಭಯ ಅದು, ಹೇಳಲು ಸ್ವಲ್ಪ ಉದ್ದವಾಗುತ್ತದೆ.

ಚಿಕ್ಕವಳಿದ್ದಾಗ ನೀನು ‘ಅಪ್ಪ ರಾತ್ರಿ ಎಲ್ಲಿಗೆ ಹೋಗ್ತಾರೆ’ ಅಂತ ಕೇಳಿದರೆ ಅಜ್ಜಿ ‘ವಿಮಾನಕ್ಕೆ ದೀಪ ಹಚ್ಚೋಕೆ’ ಅನ್ನುತ್ತಿದ್ದರು. ಅವರು ಅಂದದ್ದು ನಿಜವೇ. ತುರ್ತು ದೀಪಗಳನ್ನು ಪರೀಕ್ಷಿಸುವುದು ನನ್ನ ಪಾಲಿನ ಕೆಲಸಗಳಲ್ಲಿ ಒಂದಾಗಿತ್ತು. ಹಗಲೆಲ್ಲ ಹಾರಿ ಬಂದ ವಿಮಾನ ರಾತ್ರಿ ಹ್ಯಾಂಗರಿಗೆ ಬರುತ್ತದೆ. ಖಾಲಿ ಕ್ಯಾಬಿನ್ನಿನಲ್ಲಿ ನಿಂತು ಆ ದೀಪಗಳನ್ನು ಹೊತ್ತಿಸಿ, ಬಾಗಿಲಿನಿಂದ ಬಾಗಿಲಿಗೆ ನಡೆದು, ಆರಿದ್ದನ್ನು ಬದಲಿಸಿ ಬರೆದಿಡಬೇಕು. ನಿನ್ನ ಶಾಲೆಯ ವಾರ್ಷಿಕೋತ್ಸವಗಳ ರಾತ್ರಿ ನಾನು ಹೆಚ್ಚಾಗಿ ಅಲ್ಲಿರುತ್ತಿದ್ದೆ. ನಿನ್ನ ನೃತ್ಯವನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದವನು. ಆ ಸಂಕಟ ನನಗೆ ಹೋಗಿಲ್ಲ.

ಆ ದೀಪಗಳು ವಿಮಾನದ ಉಳಿದ ವಿದ್ಯುತ್ತನ್ನು ನಂಬಿಕೊಂಡಿರುವುದಿಲ್ಲ. ಅವಕ್ಕೆ ಅವುಗಳದೇ ಬ್ಯಾಟರಿ ಇದೆ. ಎಲ್ಲ ಪವರ್ ಹೋದರೂ ಕನಿಷ್ಠ 10 ನಿಮಿಷ ಉರಿಯಬೇಕು ಅನ್ನುವುದು ನಿಯಮ. ಬೋಯಿಂಗ್ 737 ವಿಮಾನದಲ್ಲಿ ಪೈಲಟ್‌ಗಳು ಕೂರುವ ಕಾಕ್‌ಪಿಟ್ಟಿನಲ್ಲಿ, ತಲೆಯ ಮೇಲಿನ ಪ್ಯಾನೆಲ್ಲಿನಲ್ಲಿ ಅದರ ಸ್ವಿಚ್ ಇರುತ್ತದೆ: ಆಫ್, ಆರ್ಮ್ಡ್, ಆನ್. ಹಾರುವಾಗ ಆರ್ಮ್ಡ್‌ನಲ್ಲಿ ಇರಬೇಕು, ಪವರ್ ಹೋದ ಕ್ಷಣ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ರಾತ್ರಿ ವಿಮಾನವನ್ನು ನಿಲ್ಲಿಸಿ ಪವರ್ ತೆಗೆಯುವ ಮುನ್ನ ಅದನ್ನು ಆಫ್‌ಗೆ ತರಬೇಕು, ಮರೆತರೆ ದೀಪ ಉರಿದು ಉರಿದು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಒಂದು ಸ್ವಿಚ್ ಯಾವ ಕಡೆಗೆ ತಿರುಗಿದೆ ಅನ್ನುವುದರಲ್ಲಿ ಎಷ್ಟೆಲ್ಲ ಇದೆ ಅಂತ ನಾನು ಕಲಿತದ್ದು ಅಲ್ಲಿ. ಅದಕ್ಕೇ ಈಗ ಹೇಳಹೊರಟಿರುವ ಆ ಸಂಗತಿ ನನ್ನನ್ನು ಬಿಡುವುದಿಲ್ಲ.

2005ರ ಆಗಸ್ಟ್ 14. ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್ ಕಡೆಗೆ ಹೀಲಿಯೋಸ್ ಕಂಪನಿಯ ಒಂದು 737 ಹೊರಟಿತು. ಒಳಗೆ 121 ಜನ. ಹಾರುವ ಮುನ್ನ ನಮ್ಮಂಥ ಒಬ್ಬ ಇಂಜಿನಿಯರ್ ಕ್ಯಾಬಿನ್ನಿನ ಒತ್ತಡ ಸೋರುತ್ತಿದೆಯೇ ಅಂತ ಪರೀಕ್ಷೆ ಮಾಡಿದ್ದ. ಅದಕ್ಕಾಗಿ ಒತ್ತಡದ ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ, ಅಂದರೆ ಒತ್ತಡವನ್ನು ಕೈಯಿಂದಲೇ ನೋಡಿಕೊಳ್ಳಬೇಕಾದ ಕಡೆಗೆ, ತಿರುಗಿಸಿದ್ದು ಹಾಗೇ ಉಳಿಯಿತು. ಪೈಲಟ್‌ಗಳ ತಪಾಸಣೆಯಲ್ಲೂ ಅದು ಕಣ್ಣಿಗೆ ಬೀಳಲಿಲ್ಲ. ವಿಮಾನ ಏರಿದಂತೆ ಒಳಗಿನ ಗಾಳಿ ತೆಳುವಾಗುತ್ತ ಹೋಯಿತು. ಹಾರ್ನ್ ಕೂಗಿತು. ಅದು ಸರಿಯಾಗಿಯೇ ಕೂಗಿತು, ಪುಟ್ಟಿ. ಆದರೆ ಆ ವಿಮಾನದಲ್ಲಿ ಎರಡು ಬೇರೆ ಬೇರೆ ಅಪಾಯಕ್ಕೆ ಒಂದೇ ಹಾರ್ನ್. ಒಂದು, ಟೇಕಾಫ್‌ಗೆ ವಿಮಾನ ಸಿದ್ಧವಿಲ್ಲ ಅಂತ ನೆಲದ ಮೇಲಿದ್ದಾಗ ಕೂಗುವುದು. ಇನ್ನೊಂದು, ಒಳಗೆ ಗಾಳಿಯ ಒತ್ತಡ ಇಳಿಯುತ್ತಿದೆ ಅಂತ ಕೂಗುವುದು. ಪೈಲಟ್‌ಗಳು ಮೊದಲನೆಯದು ಅಂದುಕೊಂಡರು. ರೇಡಿಯೋದಲ್ಲಿ ನೆಲದವರ ಜೊತೆ ಮಾತಾಡುತ್ತಲೇ ಎಚ್ಚರ ತಪ್ಪಿದರು.

ನನ್ನ ಮನಸ್ಸು ಸಿಕ್ಕಿಕೊಳ್ಳುವುದು ಅಲ್ಲಿಂದ ಹಿಂದೆ, ಕ್ಯಾಬಿನ್ನಿನಲ್ಲಿ. ಪ್ರಯಾಣಿಕರ ತಲೆಯ ಮೇಲಿಂದ ಆಕ್ಸಿಜನ್ ಮಾಸ್ಕುಗಳು ಕೆಳಗೆ ಬಿದ್ದಿವೆ. ಆ ಮಾಸ್ಕಿನಲ್ಲಿ ಗಾಳಿ ಬರುವುದು ಕಾಲು ಗಂಟೆಯ ಆಸುಪಾಸು. ಮಾಸ್ಕ್ ಬಿದ್ದ ಮೇಲೆ ವಿಮಾನ ಬೇಗ ಕೆಳಗಿಳಿಯಬೇಕು, ಅದು ಕ್ಯಾಬಿನ್ ಸಿಬ್ಬಂದಿಗೂ ಗೊತ್ತಿರುವ ಮಾತು. ಇಳಿಯಲಿಲ್ಲ, ಏರುತ್ತಲೇ ಹೋಯಿತು. ಗ್ರೀಸಿನ ಎರಡು ಎಫ್-16 ಯುದ್ಧವಿಮಾನಗಳು ಪಕ್ಕಕ್ಕೆ ಬಂದು ನೋಡಿದಾಗ ಕೋಪೈಲಟ್ ಕುಸಿದು ಕೂತಿದ್ದ, ಕ್ಯಾಪ್ಟನ್ನಿನ ಸೀಟು ಖಾಲಿ. ಕೊನೆಯಲ್ಲಿ ಒಬ್ಬ ಕ್ಯಾಬಿನ್ ಅಟೆಂಡೆಂಟ್ ಕಾಕ್‌ಪಿಟ್ಟಿಗೆ ಬಂದು ಸೀಟಿನಲ್ಲಿ ಕೂತದ್ದನ್ನು ಯುದ್ಧವಿಮಾನದ ಪೈಲಟ್‌ಗಳು ಕಂಡರು. ಅಷ್ಟು ಹೊತ್ತಿಗೆ ಇಂಧನ ಮುಗಿಯುತ್ತ ಬಂದಿತ್ತು. ಅಥೆನ್ಸ್ ಹತ್ತಿರದ ಗುಡ್ಡಕ್ಕೆ ವಿಮಾನ ಅಪ್ಪಳಿಸಿತು. ಯಾರೂ ಉಳಿಯಲಿಲ್ಲ.

ಆಮೇಲೆ 737ಗಳಲ್ಲಿ ಆ ಎರಡೂ ಎಚ್ಚರಿಕೆಗೆ ಬೇರೆ ಬೇರೆ ದೀಪ ಬಂತು, ಸರಿ. ಆದರೂ ನಾನು ಕೆಲಸದಲ್ಲಿದ್ದಷ್ಟು ದಿನ ಪ್ಯಾನೆಲ್ ಮುಚ್ಚಿ ಹೊರಗೆ ಬಂದವನು ಇನ್ನೊಮ್ಮೆ ಒಳಗೆ ಹೋಗಿ ಸ್ವಿಚ್ಚು ನೋಡಿ ಬರುತ್ತಿದ್ದೆ. ನೀನು ಕ್ಯಾಬಿನ್ ಕ್ರೂಗೆ ಆಯ್ಕೆಯಾದೆ ಅಂದ ದಿನ ನನ್ನ ಕಣ್ಣೆದುರು ಬಂದದ್ದು ನಿನ್ನ ಸಮವಸ್ತ್ರ ಅಲ್ಲ, ಮಾಸ್ಕುಗಳು ನೇತಾಡುತ್ತಿರುವ ಆ ಉದ್ದ ಕ್ಯಾಬಿನ್ನು.

ನಾವು ನಿನ್ನನ್ನು ಬೆಳೆಸಿದ್ದು ಹೇಗೆ? ದೊಡ್ಡವರು ಮಾತಾಡುವಾಗ ಬಾಯಿ ಹಾಕಬೇಡ, ಹೇಳಿದಷ್ಟು ಮಾಡು. ನಾನೂ ಹೇಳಿದ್ದೇನೆ, ನಿಮ್ಮಮ್ಮನೂ ಹೇಳಿದ್ದಾಳೆ. ಮನೆಗೆ ಅದು ಇರಲಿ. ವಿಮಾನದಲ್ಲಿ ಅದು ಬೇಡ. 1989ರ ಜನವರಿಯಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಹತ್ತಿರ ಬಿದ್ದ 737ರಲ್ಲಿ ಕೆಟ್ಟದ್ದು ಎಡಗಡೆ ಇಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದು. ಬಲಗಡೆ ಇಂಜಿನ್ ತೊಂದರೆ ಕೊಟ್ಟಿತ್ತು ಅಂತ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದಾಗ ಎಡಗಡೆಯ ಬೆಂಕಿಯನ್ನು ಕಂಡವರು ಕ್ಯಾಬಿನ್ನಿನಲ್ಲಿದ್ದರು, ಪ್ರಯಾಣಿಕರಲ್ಲೂ, ಸಿಬ್ಬಂದಿಯಲ್ಲೂ. ಆ ಮಾತು ಕಾಕ್‌ಪಿಟ್ಟಿಗೆ ಮುಟ್ಟಲಿಲ್ಲ. 47 ಜನ ಸತ್ತರು. ಅವರಿಗೆ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಾಗುವುದು ಎಲ್ಲ ದೇಶದವರಲ್ಲೂ ಇದೆ ನೋಡು.

ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಕಾಕ್‌ಪಿಟ್ಟಿಗೆ ಸುಮ್ಮಸುಮ್ಮನೆ ಫೋನ್ ಮಾಡಬಾರದು ಅಂತ ನಿನಗೆ ಕಲಿಸುತ್ತಾರೆ. ಸುರಕ್ಷತೆಯ ವಿಷಯಕ್ಕೆ ಆ ನಿಯಮ ಅಡ್ಡ ಬರುವುದಿಲ್ಲ ಅಂತಲೂ ಅದೇ ಪಾಠದಲ್ಲಿ ಹೇಳುತ್ತಾರೆ. ಆ ಎರಡನೆಯ ಭಾಗವನ್ನು ಗಟ್ಟಿಯಾಗಿ ಹಿಡಿದುಕೋ. ಸುಟ್ಟ ವಾಸನೆ ಬಂದರೆ ಹೇಳು. ಕಿವಿ ವಿಚಿತ್ರವಾಗಿ ಕಟ್ಟಿದರೆ, ಮಾಸ್ಕ್ ಬಿದ್ದು ವಿಮಾನ ಇಳಿಯದಿದ್ದರೆ, ಮೊದಲು ನಿನ್ನ ಮಾಸ್ಕ್ ಹಾಕಿಕೋ, ಆಮೇಲೆ ಕಾಕ್‌ಪಿಟ್ಟಿಗೆ ಫೋನ್ ಮಾಡು. ಉತ್ತರ ಬಾರದಿದ್ದರೆ ಇನ್ನೊಮ್ಮೆ ಮಾಡು, ಆಗಲೂ ಬಾರದಿದ್ದರೆ ಒಳಗೆ ಹೋಗಲು ನಿಮಗೆ ಕಲಿಸಿದ ದಾರಿ ಇರುತ್ತದೆ, ಹೋಗು. ಬೈಸಿಕೊಂಡರೆ ಬೈಸಿಕೋ. 737ರಲ್ಲಿ ಹಿಂದಿನ ಅಟೆಂಡೆಂಟ್ ಪ್ಯಾನೆಲ್ಲಿನಲ್ಲಿ ಮುಚ್ಚಳ ಇರುವ ಒಂದು ಸ್ವಿಚ್ ನೋಡುತ್ತೀಯ. ಕಾಕ್‌ಪಿಟ್ಟಿನ ಸ್ವಿಚ್ ಯಾವ ಕಡೆಗಾದರೂ ತಿರುಗಿರಲಿ, ಅದನ್ನು ಹಾಕಿದರೆ ತುರ್ತು ದೀಪಗಳೆಲ್ಲ ಉರಿಯುತ್ತವೆ. ಕ್ಯಾಪ್ಟನ್ನಿಗಾಗಿ ಕಾಯಲಾಗದ ಹೊತ್ತು ಬರಬಹುದು ಅಂತ ವಿಮಾನ ಕಟ್ಟಿದವರೇ ಯೋಚಿಸಿ ನಿನ್ನ ಕೈಗೆ ಕೊಟ್ಟದ್ದು ಅದು.

ನೆಲದ ಪಕ್ಕ ಹಾಸಿರುವ ದಾರಿದೀಪವನ್ನು ಪ್ರಯಾಣಿಕರಿಗೆ ಕೈ ತೋರಿಸಿ ಹೇಳುವಾಗ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಬೇಡ. 1983ರ ಜೂನ್ 2ರಂದು ಏರ್ ಕೆನಡಾದ ಒಂದು ಡಿಸಿ-9 ಬೆಂಕಿ ಹೊತ್ತುಕೊಂಡೇ ಸಿನ್ಸಿನಾಟಿಯಲ್ಲಿ ಇಳಿಯಿತು. ಒಳಗಿದ್ದ 46 ಜನರಲ್ಲಿ 23 ಮಂದಿ ಬದುಕಿದರು, 23 ಮಂದಿ ಸತ್ತರು. ಬಾಗಿಲು ತೆರೆದು ಒಂದೂವರೆ ನಿಮಿಷದೊಳಗೆ ಕ್ಯಾಬಿನ್ ಪೂರ್ತಿ ಹೊತ್ತಿಕೊಂಡಿತು. ಹೊಗೆ ಮೇಲಿನಿಂದ ಕೆಳಗೆ ತುಂಬುತ್ತ ಬರುತ್ತದೆ, ಚಾವಣಿಯ ಎಕ್ಸಿಟ್ ಬೋರ್ಡು ಮೊದಲು ಮರೆಯಾಗುತ್ತದೆ. ಆ ಅನುಭವದಿಂದಲೇ ದೀಪ ನೆಲಕ್ಕೆ ಇಳಿಯಿತು. ನಾಲ್ಕು ಅಡಿಗಿಂತ ಮೇಲಿರುವ ಬೆಳಕೆಲ್ಲ ಹೊಗೆಯಲ್ಲಿ ಮುಚ್ಚಿಹೋದರೂ ಜನ ದಾರಿ ಕಾಣಬೇಕು ಅನ್ನುವ ಲೆಕ್ಕದಲ್ಲಿ ಅದನ್ನು ಹಾಕುತ್ತಾರೆ. ಈಗ ಬಹಳ ವಿಮಾನಗಳಲ್ಲಿ ಬಲ್ಬಿನ ಬದಲು ಹಸಿರಾಗಿ ಹೊಳೆಯುವ ಪಟ್ಟಿ ಇದೆ. ಅದು ಕ್ಯಾಬಿನ್ ದೀಪದ ಬೆಳಕನ್ನು ಹೀರಿಕೊಂಡು ಕತ್ತಲಲ್ಲಿ ಹೊಳೆಯುವಂಥದ್ದು. ರಾತ್ರಿಯಿಡೀ ಕತ್ತಲಲ್ಲಿ ನಿಂತಿದ್ದ ವಿಮಾನದಲ್ಲಿ ಮೊದಲ ಹಾರಾಟಕ್ಕೆ ಮುಂಚೆ ದೀಪಗಳನ್ನು ಪೂರ್ತಿ ಹಾಕಿ ಸಾಕಷ್ಟು ಹೊತ್ತು ಬಿಡಬೇಕು. ಯಾರಾದರೂ ಅವಸರದಲ್ಲಿ ಸಾಕು ಅಂದರೆ ನೀನು ಸಾಕು ಅನ್ನಬೇಡ. ಪಟ್ಟಿಯ ಮೇಲೆ ಬ್ಯಾಗು, ಕಂಬಳಿ ಬಿದ್ದಿದ್ದರೆ ಎತ್ತಿಸು.

ನೀವು ಕೂರುವ ಮಡಚುವ ಸೀಟಿನ, ಅಂದರೆ ಜಂಪ್ ಸೀಟಿನ, ಪಕ್ಕದ ಟಾರ್ಚಿನಲ್ಲಿ ಕೆಂಪು ಚುಕ್ಕೆ ಮಿಟುಕುತ್ತಿದೆಯೇ ದಿನಾ ನೋಡು. ಮೆಗಾಫೋನ್ ಎಲ್ಲಿದೆ ಅಂತ ಕೈಗೆ ಗೊತ್ತಿರಲಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ಹೊತ್ತಿ ಉರಿಯುವಾಗ ಅನೌನ್ಸ್‌ಮೆಂಟ್ ವ್ಯವಸ್ಥೆ ಕೆಟ್ಟಿತ್ತು. ಎಂಟು ಬಾಗಿಲಲ್ಲಿ ಬಳಸಲು ಬಂದದ್ದು ಮೂರೇ. ಅಲ್ಲಿನ ಕ್ಯಾಬಿನ್ ಕ್ರೂ ಹುಡುಗಿಯರು ಮೆಗಾಫೋನಿನಲ್ಲಿ, ಬರಿ ಗಂಟಲಿನಲ್ಲಿ ಕೂಗಿ 379 ಜನರನ್ನೂ ಹೊರಗೆ ಕಳಿಸಿದರು. ಸುದ್ದಿ ನೋಡುವಾಗ ನಾನು ಅತ್ತದ್ದು ನಿನಗೆ ಗೊತ್ತಿಲ್ಲ, ನೀನು ಆವತ್ತು ಕಾಲೇಜಿಗೆ ಹೋಗಿದ್ದೆ.

ಬರೆಯುತ್ತ ಬರೆಯುತ್ತ ಪಾಠ ಮಾಡಿಬಿಟ್ಟೆ ಅನ್ನಿಸುತ್ತಿದೆ. ಇದನ್ನೆಲ್ಲ ನಿನಗೆ ನನಗಿಂತ ಚೆನ್ನಾಗಿ ಹೇಳಿಕೊಡುವವರು ಅಲ್ಲಿದ್ದಾರೆ. ಆದರೂ ಆ ಹೀಲಿಯೋಸ್ ಹುಡುಗ ಕಾಕ್‌ಪಿಟ್ಟಿಗೆ ಬಂದದ್ದು ಕೊನೆಯಲ್ಲಿ ಅನ್ನುವುದನ್ನು ಯೋಚಿಸಿದಾಗಲೆಲ್ಲ, ಇನ್ನೂ ಬೇಗ ಆ ಬಾಗಿಲು ತೆರೆದಿದ್ದರೆ ಅನ್ನಿಸುತ್ತದೆ. ಆಗ ಅವನ ಜಾಗದಲ್ಲಿ ನಿನ್ನನ್ನು ನಿಲ್ಲಿಸಿ ನೋಡುತ್ತೇನೆ. ಅಪ್ಪನಾದವನಿಗೆ ಇದು ತಪ್ಪುವುದಿಲ್ಲ.

ಭಾನುವಾರ ನೀನು ನನಗೆ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ‘ನೀವು ಹೇಳಿದ್ದು ಸರಿ ಇಲ್ಲ ಅಪ್ಪ, ಇನ್ನೊಂದ್ಸಲ ಯೋಚನೆ ಮಾಡಿ’ ಅಂದೆಯಲ್ಲ, ಆಗ ನನಗೆ ಸಿಟ್ಟು ಬಂತು. ರಾತ್ರಿ ಮಲಗಿ ಯೋಚಿಸಿದಾಗ ಆ ದನಿಯೇ ನೆನಪಾಯಿತು. ಅದು ನಡುಗಲಿಲ್ಲ. ಮನೆಯ ಯಜಮಾನನ ಮುಂದೆ ನಡುಗದ ದನಿ ಕ್ಯಾಪ್ಟನ್ನಿನ ಮುಂದೆಯೂ ನಡುಗುವುದಿಲ್ಲ. ಅದೇ ದನಿಯಲ್ಲಿ ಅಲ್ಲೂ ಕೇಳು. ಹೋಗಿ ಬಾ. ನನ್ನ ಒಪ್ಪಿಗೆ ಇದೆ, ಮನಸಾರೆ ಇದೆ. ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ.

ಹೊಗೆ ತುಂಬಿದ ಕೋಣೆಯಲ್ಲಿ ದಾರಿ ಹುಡುಕುವ ಡ್ರಿಲ್ ಮಾಡಿಸುತ್ತಾರೆ. ಅದಾದ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಸೀಟಿನ ಬೆನ್ನು ಎಣಿಸಿಕೊಂಡು ಹೋದೆಯೋ, ನೆಲದ ದೀಪ ಎಷ್ಟು ದೂರಕ್ಕೆ ಕಂಡಿತು, ಬಾಗಿಲು ತಳ್ಳುವಾಗ ಭಾರ ಅನ್ನಿಸಿತೋ, ಎಲ್ಲ ಹೇಳು. ನಾನು ಎದ್ದಿರುತ್ತೇನೆ.

ನಿನ್ನ
ಅಪ್ಪ