ನಿಘಂಟು ಓದುವ ತಂಗಿಗೆ

ವಿಜಯಪುರ

ತಂಗಿ,

ನಿನ್ನ ಪತ್ರವೂ ಕಥೆಯ ಹಸ್ತಪ್ರತಿಯೂ ತಲುಪಿದವು. ಕಥೆಯನ್ನು ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟವಿರಬೇಕು, ಮೊದಲ ಸಂಕಲನಕ್ಕೆ ಮುನ್ನುಡಿ ಯಾರಿಂದ ಬರೆಸಬೇಕು ಎಂಬುದನ್ನೆಲ್ಲ ಬೇರೆಯವರನ್ನು ಕೇಳು. ಅದಕ್ಕೆ ಉತ್ತರ ಹೇಳುವ ಉಮೇದು ನನಗಿಲ್ಲ. ಆದರೆ ಪತ್ರದ ಕೊನೆಗೆ, ಹೇಳಲೋ ಬೇಡವೋ ಎಂಬಂತೆ ನೀನು ಬರೆದ ಮಾತು ನನಗೆ ತಾಗಿತು. ಕಾದಂಬರಿ ಓದಲೆಂದು ಕುಳಿತವಳು ನಿಘಂಟಿನ ಪುಟ ತಿರುವುತ್ತ ರಾತ್ರಿ ಮಾಡುತ್ತೀ, ಯಾವ ಕೆಲಸಕ್ಕೂ ಬಾರದ ಸಂಗತಿಗಳನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತೀ, ಬೆಳಗಾದ ಮೇಲೆ ಹೊತ್ತು ಹಾಳಾಯಿತೆಂದು ಮರುಗುತ್ತೀ.

ಮರುಗಬೇಡ. ಈ ಚಟ ನಮ್ಮ ಸೀಮೆಗೆ ಹೊಸದಲ್ಲ. ಮುಧೋಳದ ಬಳೆಗಾರರ ಮನೆತನದ ರನ್ನನ ಹೆಸರಿನಲ್ಲಿ ಗದಾಯುದ್ಧವಷ್ಟೇ ಅಲ್ಲ, ರನ್ನಕಂದವೆಂಬ ಪುಟ್ಟ ನಿಘಂಟೂ ಇದೆ. ಅದರ ಕೆಲವೇ ಪದ್ಯಗಳು ನಮ್ಮವರೆಗೆ ಉಳಿದು ಬಂದಿವೆ. ಭೀಮ ದುರ್ಯೋಧನರನ್ನು ಕಾದಾಡಿಸಿದ ಕವಿ ಒಂದೊಂದೇ ಮಾತಿಗೆ ಅರ್ಥ ಹೇಳುತ್ತ ಕಂದಪದ್ಯ ಹೊಸೆದನೆಂಬುದನ್ನು ನೆನೆದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟನ್ನು ತೆರೆದವರಿಗೆ, ಬೇಕಾದ ಅರ್ಥ ಸಿಕ್ಕ ಮೇಲೂ ಮುಚ್ಚುವ ಮನಸ್ಸಾಗುವುದಿಲ್ಲ, ಏಕೆಂದರೆ ಅರ್ಥದ ಬೆನ್ನಿಗೇ ಅಲ್ಲಲ್ಲಿ ಗಾದೆಗಳು ಬಂದು ಕೂತಿರುತ್ತವೆ. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನಂತೂ ನಾನು ಅರ್ಥಕ್ಕಾಗಿ ನೋಡುವುದೇ ಕಡಿಮೆ. ಒಂದು ಮಾತು ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ, ಯಾರ ಬಾಯಲ್ಲಿ ಬಂದಿದೆಯೆಂಬ ಪ್ರಯೋಗಗಳಿಗಾಗಿ ನೋಡುತ್ತೇನೆ.

ಐಹೊಳೆ ನಿನಗೆ ದೂರವಲ್ಲ. ಅಲ್ಲಿನ ಮೇಗುಟಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ ಕೊರೆಸಿದ ಶಾಸನ 634ರದು. ಭಾರತ ಯುದ್ಧ ಮುಗಿದು 3735 ವರ್ಷವಾಯಿತೆಂದು ಅವನು ಲೆಕ್ಕ ಕೊಡುತ್ತಾನೆ. ಲೆಕ್ಕ ಸರಿಯೋ ತಪ್ಪೋ, ಒಬ್ಬ ಕವಿ ಗುಡಿಯ ಗೋಡೆಯ ಮೇಲೆ ಅಷ್ಟು ಧೈರ್ಯದಿಂದ ಹಾಗೆ ಬರೆಸಿದ್ದೇ ನನಗೆ ಸಾಕು. ಅಲ್ಲಿಯೇ ತಾನು ಕಾಳಿದಾಸ ಭಾರವಿಯರ ಕೀರ್ತಿಯನ್ನು ಪಡೆದವನೆಂದೂ ಹೇಳಿಕೊಂಡ. ಆ ಇಬ್ಬರು ಕವಿಗಳು 634ಕ್ಕಿಂತ ಮೊದಲಿನವರೆಂದು ವಿದ್ವಾಂಸರು ಖಚಿತವಾಗಿ ಹೇಳಲು ಇವನ ಆತ್ಮಪ್ರಶಂಸೆಯೇ ಆಧಾರವಾಯಿತು. ಇಂಥದ್ದನ್ನು ತಿಳಿದುಕೊಂಡು ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ, ಏನೂ ಮಾಡುವುದಿಲ್ಲ ಎಂದು ಹೇಳುವ ಗಟ್ಟಿತನವನ್ನು ರೂಢಿಸಿಕೋ. ಉಪಯೋಗಕ್ಕೆಂದು ಓದುವವರು ಬೇಗ ದಣಿಯುತ್ತಾರೆ. ಅಂಥವರನ್ನು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಇನ್ನು ನಿನ್ನ ಕಥೆಯ ಮಾತು. ನೀನು ಓದಿದ್ದೆಲ್ಲವನ್ನೂ ಅದರೊಳಗೆ ಸುರಿದಿದ್ದೀ. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತ ತಾಯಿಗೆ ಎಲರು ಬೀಸುತ್ತದೆ, ನೇಸರು ಮೂಡುತ್ತಾನೆ, ಅವಳು ಕಂಬನಿ ಮಿಡಿಯುತ್ತಾಳೆ. ಸೆರಗಿನ ರೇಶಿಮೆ ಎಳೆಯನ್ನು ಒಡಲಿನ ನೂಲಿಗೆ ಕೊಂಡಿ ಹಾಕುವ ಅವಳ ಬೆರಳು ಮಾತ್ರ ಕಥೆಯಲ್ಲಿ ಎಲ್ಲಿಯೂ ಇಲ್ಲ. ಟೋಪ್ ತೆನಿ, ಗೋಮಿ, ಚಿಕ್ಕಿ ಪರಾಸು ಎಂದು ಸೀರೆಯ ಸೆರಗು ಅಂಚುಗಳ ಹೆಸರನ್ನೇ ದಿನವೆಲ್ಲ ಮಾತಾಡುವ ಮನೆಯಲ್ಲಿ ಹುಟ್ಟಿದವಳು ನೀನು. ಅವನ್ನು ಬಿಟ್ಟು, ಗಾಳಿಗೆ ಎಲರು ಎನ್ನುವಂಥ ಹಳೆಯ ಮಾತಿನ ಬೆನ್ನು ಹತ್ತಿದ್ದನ್ನು ಕಂಡು ನನಗೆ ಸಿಟ್ಟೇ ಬಂದಿತು. ಹಳೆಯ ಮಾತನ್ನು ಸವಿಯುವುದು ಬೇರೆ, ಅದನ್ನು ಹಬ್ಬದ ಒಡವೆಯಂತೆ ಹೇರಿಕೊಂಡು ಓಣಿಯಲ್ಲಿ ತಿರುಗುವುದು ಬೇರೆ. ನೀನು ಓದಿದ ನೂರು ಮಾತುಗಳಲ್ಲಿ ತೊಂಬತ್ತೊಂಬತ್ತು ವಹಿಯಲ್ಲೇ ಉಳಿಯಲಿ. ಅವು ನಿನ್ನ ಕಿವಿಯನ್ನು ತಿದ್ದುತ್ತವೆ, ಅಷ್ಟು ಸಾಕು.

ಹಾಗೆಂದು ಮನೆಯ ಮಾತನ್ನು ಯಾರ ಭಯಕ್ಕೂ ಬಿಟ್ಟುಕೊಡಬೇಡ. ಬಹಳ ಹಿಂದೆ ನನ್ನ ಕಥೆಯೊಂದನ್ನು ಅಚ್ಚು ಹಾಕಿದ ಸಂಪಾದಕರೊಬ್ಬರು, ಓದುಗರಿಗೆ ತಿಳಿಯದೆಂದು ‘ಪಡಸಾಲಿ’ ಇದ್ದಲ್ಲೆಲ್ಲ ‘ಜಗುಲಿ’ ಎಂದು ತಿದ್ದಿದರು. ಒಳಗೆ ಬೆಚ್ಚಗೆ ಹೊದ್ದು ಮಲಗಿದ್ದ ಜ್ವರದ ಮುದುಕಿ ಅಚ್ಚಿನಲ್ಲಿ ಬೀದಿಗೆ ಬಂದು ಮಲಗಿದಳು. ಆ ಪುಣ್ಯಾತ್ಮರು ತೀರಿಹೋಗಿ ಎಷ್ಟೋ ಕಾಲವಾಯಿತು; ನನ್ನ ಸಿಟ್ಟು ಇನ್ನೂ ತೀರಿಲ್ಲ. ಆ ಕಥೆಯ ಭಾಷೆ ಬಹಳ ತಿಳಿಯಾಗಿದೆಯೆಂದು ಮೆಚ್ಚಿ ಬಂದ ಪತ್ರಗಳಿಂದ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದ್ದೇನೆ. ಲಾಳಿ ಸಿಕ್ಕಿಕೊಂಡಾಗ ತಾಯಿ ಬಯ್ಯುವ ಆರೇಳು ಸಾಲು ಇಡೀ ಕಥೆಯಲ್ಲಿ ನನಗೆ ಹಿಡಿಸಿದ ಭಾಗ. ಅದನ್ನು ನೀನು ಯಾವ ಪುಸ್ತಕವನ್ನೂ ನೋಡದೆ ಬರೆದಿದ್ದೀ ಎಂಬುದು ನನ್ನ ಗುಮಾನಿ. ಆ ಬಯ್ಗುಳವನ್ನು ಮುಟ್ಟದೆ ಉಳಿದದ್ದನ್ನು ಮತ್ತೆ ಬರೆ. ಬರೆದು ಮುಗಿದರೆ ಕಳಿಸು. ಜೊತೆಗೆ ನಿನ್ನ ವಹಿಯನ್ನೂ ಕಳಿಸಿದರೆ ಅದನ್ನೇ ಮೊದಲು ಓದುತ್ತೇನೆ. ನನ್ನನ್ನು ಹೊಗಳುವ ಪೀಠಿಕೆ ಮಾತ್ರ ಈ ಸಲ ಬೇಡ.

ಆಶೀರ್ವಾದಗಳೊಂದಿಗೆ,
ನಿನ್ನ ಕಾಕಾ