ಚಂದನ ತೇಯುವ ಸದ್ದು

ಆತ್ಮೀಯರೇ,

ರಾಜಸ್ಥಾನದ ಮೌಂಟ್ ಅಬುವಿನ ದಿಲ್ವಾಡಾ ಜೈನ ಮಂದಿರಗಳನ್ನು ಕುರಿತ ನಿಮ್ಮ ಲೇಖನವನ್ನೂ, ‘ಬರೆಯುವುದನ್ನೇ ಬಿಟ್ಟುಬಿಡಲೇ’ ಎಂದು ಕೇಳಿದ ಕಾಗದವನ್ನೂ ಎರಡೆರಡು ಸಲ ಓದಿದೆ. ಯಾವ ಪತ್ರಿಕೆಗೆ ಕಳುಹಿಸಬೇಕು, ಎಷ್ಟು ಪುಟವಿರಬೇಕು ಎಂಬ ಪ್ರಶ್ನೆಗಳಿಗೆ ಯಾರಾದರೂ ಉತ್ತರ ಹೇಳಿಯಾರು. ನನಗೆ ಹೇಳಬೇಕಾದದ್ದು ಬೇರೆ ಇದೆ.

ಎರಡು ಪುಟಗಳಲ್ಲಿ ನೀವು ಏಳು ಬಾರಿ ‘ಅದ್ಭುತ’ ಎಂದಿದ್ದೀರಿ, ಎರಡು ಬಾರಿ ‘ವರ್ಣಿಸಲು ಪದಗಳಿಲ್ಲ’ ಎಂದಿದ್ದೀರಿ, ಅಮೃತಶಿಲೆಯನ್ನು ‘ಬೇಲೂರಿನಂತೆ ಬೆಣ್ಣೆಯಲ್ಲಿ ಕಡೆದದ್ದು’ ಎಂದಿದ್ದೀರಿ. ಇವೆಲ್ಲ ನೀವು ಅಲ್ಲಿಗೆ ಹೋಗುವ ಮೊದಲೇ ನಿಮ್ಮ ಚೀಲದಲ್ಲಿದ್ದ ಮಾತುಗಳು. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಅಲ್ಲಿ ಹೊರಗೋಡೆಯೇ ಶಿಲ್ಪಗಳಿಂದ ಕಿಕ್ಕಿರಿದಿದೆ. ದಿಲ್ವಾಡಾದ ಹೊರಗೋಡೆಯಾದರೋ ಬೋಳು. ಒಳಗೆ ಕಾಲಿಟ್ಟ ಮೇಲೆಯೇ ಕಲ್ಲು ಅರಳುವುದು. ಆ ಬೋಳು ಗೋಡೆಯ ಮುಂದೆ ನಿಮಗೆ ನಿರಾಸೆಯಾಗಲಿಲ್ಲವೇ? ಆಗಿದ್ದರೆ ಅದನ್ನೇಕೆ ಬಚ್ಚಿಟ್ಟಿರಿ? ಹೋಲಿಕೆಯೇ ಬೇಕಿದ್ದರೆ, ಅಲ್ಲಿನ 1031ರ ಮಂದಿರವಾದ ವಿಮಲ ವಸಹಿಯ ‘ವಸಹಿ’ಯೂ ನಮ್ಮ ‘ಬಸದಿ’ಯೂ ಒಂದೇ ‘ವಸತಿ’ಯಿಂದ ಹುಟ್ಟಿದ ಪದಗಳು. ಊರಿನ ಬಸದಿಯ ಅಂಗಳದಲ್ಲಿ ಆಡಿ ಬೆಳೆದೆನೆಂದು ಬರೆದ ನಿಮಗೆ ಈ ನಂಟು ಕಾಣದೆ ಹೋದದ್ದು ನನಗೆ ಬೇಸರ ತಂದಿತು.

ಗದರಿದ್ದು ಸಾಕು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದು ಇಂದಿಗೂ ಚುಚ್ಚುತ್ತದೆ. ಮೂವತ್ತು ವರ್ಷಗಳ ಹಿಂದೆ, ವಸ್ತುಪಾಲ-ತೇಜಪಾಲ ಸಹೋದರರು 1230ರ ಹೊತ್ತಿಗೆ ಕಟ್ಟಿಸಿದ, ದಿಲ್ವಾಡಾದ ಇನ್ನೊಂದು ಮಂದಿರವಾದ ಲೂಣ ವಸಹಿಯಲ್ಲಿ ಮುಕ್ಕಾಲು ಗಂಟೆ ಕಳೆದು ಬಂದು, ಒಂದು ಮಾಸಪತ್ರಿಕೆಗೆ ದೀರ್ಘ ಲೇಖನ ಬರೆದೆ. ರಂಗಮಂಟಪದ ಗುಮ್ಮಟದ ಒಳಸುತ್ತಿನಲ್ಲಿ ಕುಳಿತ 72 ತೀರ್ಥಂಕರರನ್ನು ‘ಒಬ್ಬೊಬ್ಬರನ್ನಾಗಿ ಎಣಿಸಿ ಮೈಮರೆತೆ’ ಎಂದು ಬರೆದೆ. ನಾನು ಎಣಿಸಿರಲಿಲ್ಲ, ಸಂಖ್ಯೆಯನ್ನು ಮಾರ್ಗದರ್ಶಿಯ ಬಾಯಿಂದ ಎತ್ತಿಕೊಂಡಿದ್ದೆ. ಸಂಪಾದಕರು ಆ ವಾಕ್ಯವನ್ನೇ ಹೊಗಳಿ ದಪ್ಪಕ್ಷರದಲ್ಲಿ ಅಚ್ಚುಹಾಕಿದರು. ಆ ಹೊಗಳಿಕೆ ನನ್ನನ್ನು ಹತ್ತು ವರ್ಷ ಕೆಡಿಸಿತು, ಏಕೆಂದರೆ ನೋಡದೆ ಬರೆದರೂ ನಡೆಯುತ್ತದೆಂದು ಅಂದು ಕಲಿತೆ. ಮತ್ತೆ ಹೋದಾಗ ಕತ್ತೆತ್ತಿ ನಿಂತು ಎಣಿಸಲು ತೊಡಗಿದೆ. ನಲವತ್ತರ ಆಸುಪಾಸಿನಲ್ಲಿ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ಆದರೆ ಹಾಗೆ ನಿಂತಿದ್ದರಿಂದಲೇ, ನಡುವೆ ಇಳಿಬಿದ್ದ ಕಮಲದ ಎಸಳುಗಳು ಎಷ್ಟು ತೆಳುವೆಂದರೆ ಬೆಳಕು ಅವುಗಳ ಅಂಚಿನಲ್ಲಿ ತಡೆಯದೆ ಒಳಹಾಯುತ್ತದೆ ಎಂಬುದು ಮೊದಲ ಬಾರಿಗೆ ಕಂಡಿತು.

ಫೋನನ್ನು ಹೊರಗಿಟ್ಟು ಹೋಗಬೇಕಾದ್ದರಿಂದ ವಿವರಗಳನ್ನು ಆಮೇಲೆ ಅಂತರ್ಜಾಲದಿಂದ ತುಂಬಿಕೊಂಡೆನೆಂದು ಒಪ್ಪಿಕೊಂಡಿದ್ದೀರಿ. ಒಳಗೆ ಚಿತ್ರ ತೆಗೆಯಬಾರದೆಂಬ ಆ ನಿಯಮ ಬರೆಯುವವರ ಪಾಲಿಗೆ ಒದಗಿಬಂದ ಭಾಗ್ಯ. ನೀವು ಅದನ್ನು ಕೈಬಿಟ್ಟಿರಿ.

ಆದರೂ ನಾನು ಈ ಕಾಗದ ಬರೆಯುತ್ತಿರುವುದು ನಿಮ್ಮ ಒಂದೇ ವಾಕ್ಯಕ್ಕಾಗಿ: ‘ಬಾಯಿಗೆ ಬಟ್ಟೆ ಕಟ್ಟಿಕೊಂಡ ಅರ್ಚಕರೊಬ್ಬರು ಕಂಬದ ಮರೆಯಲ್ಲಿ ಚಂದನ ತೇಯುತ್ತಿದ್ದರು, ಆ ಸದ್ದು ಮಂಟಪದ ತುದಿಯವರೆಗೂ ಕೇಳುತ್ತಿತ್ತು.’ ಇದು ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಆ ಕಮಲವನ್ನು ಉಳಿಯಿಂದ ಕಡೆಯದೆ ಉಜ್ಜಿ ಉಜ್ಜಿ ತೆಳುಗೊಳಿಸಿದರೆಂದೂ, ಉದುರಿದ ಪುಡಿಯ ತೂಕಕ್ಕೆ ತಕ್ಕಂತೆ ಶಿಲ್ಪಿಗಳಿಗೆ ಕೂಲಿ ಕೊಡುತ್ತಿದ್ದರೆಂದೂ ಅಲ್ಲಿ ಹೇಳುವ ಐತಿಹ್ಯವಿದೆ. ಅದನ್ನು ನೀವು ಮುಂದಿನ ಪ್ಯಾರಾದಲ್ಲೇ ಬರೆದಿದ್ದೀರಿ, ಆದರೆ ಕಲ್ಲಿನ ಮೇಲೆ ಕೊರಡು ಉಜ್ಜುವ ಆ ಸದ್ದನ್ನು ಅದರ ಪಕ್ಕದಲ್ಲಿಟ್ಟು ಕೇಳಲಿಲ್ಲ.

ಬರೆಯುವುದನ್ನು ಬಿಡಬೇಡಿ. ಈ ಕರಡನ್ನು ಮಾತ್ರ ಬಿಟ್ಟು, ಆ ಅರ್ಚಕರಿಂದ ಹೊಸದಾಗಿ ತೊಡಗಿ. ಅವರು ತೇಯುತ್ತಿದ್ದ ಗಂಧಕ್ಕೆ ಕೇಸರಿ ಬೆರೆಸಿದ್ದರೇ, ಕೈ ಯಾವ ದಿಕ್ಕಿಗೆ ತಿರುಗುತ್ತಿತ್ತು, ನೀವು ಅಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ? ನೆನಪಿದ್ದಷ್ಟನ್ನೇ ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಹಿತೈಷಿ