ಬ್ರೈಸೀಸಳ ಹದಿನಾಲ್ಕು ಸಾಲು

ಪ್ರೀತಿಯ ಮಗಳೇ,

ದಸರಾ ರಜೆ ಮುಗಿಸಿ ಹಾಸ್ಟೆಲಿಗೆ ಹೊರಡುವ ಗಡಿಬಿಡಿಯಲ್ಲಿ ನೀನು ಚಾರ್ಜರ್ ಮರೆಯಲಿಲ್ಲ, ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನಂತೂ ಮರೆಯಲಿಲ್ಲ. ಪುಸ್ತಕವನ್ನು ಮಾತ್ರ ದಿಂಬಿನ ಕೆಳಗೆ ಬಿಟ್ಟು ಹೋದೆ. ಪ್ಯಾಟ್ ಬಾರ್ಕರ್ ಬರೆದ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’, ಟ್ರಾಯ್ ಯುದ್ಧದ ಕತೆಯನ್ನು ಸೆರೆಯಾಳು ಬ್ರೈಸೀಸಳ ಕಡೆಯಿಂದ ಹೇಳುವ ಕಾದಂಬರಿ. ಅಂಚೆಗೆ ಹಾಕಬೇಕೆಂದು ಕೈಗೆತ್ತಿಕೊಂಡವನು ಮೊದಲ ಪುಟದ ಮೇಲೆ ಕಣ್ಣಾಡಿಸಿದೆ, ನಾಲ್ಕು ರಾತ್ರಿ ಅದರಲ್ಲೇ ಕಳೆದವು. ಬೇರೆಯವರ ಪೆನ್ಸಿಲ್ ಗುರುತುಗಳನ್ನು ಓದುವುದು ಡೈರಿ ಓದಿದಷ್ಟೇ ತಪ್ಪು. ಗೊತ್ತಿದ್ದೂ ಓದಿದೆ. ಒಂದು ಪುಟದ ಅಂಚಿನಲ್ಲಿ, ಕಾಗದ ಹರಿಯುವಷ್ಟು ಒತ್ತಿ ನೀನು ಬರೆದಿದ್ದೀಯ: ‘ಹೋಮರ್ ಇವಳಿಗೆ ಬಾಯಿಯನ್ನೇ ಕೊಡಲಿಲ್ಲ.’

ಕೊಟ್ಟಿದ್ದಾನೆ ಮಗಳೇ. ಹದಿನಾಲ್ಕು ಸಾಲು.

ಆ ಯುದ್ಧವನ್ನು ಹಾಡಿದ ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲಿರುವುದು 15,693 ಸಾಲುಗಳು. ಅದರಲ್ಲಿ ಬ್ರೈಸೀಸಳ ಪಾಲಿಗೆ ಬಂದದ್ದು 14. ಎಂಥ ಜಿಪುಣ ಎಂದು ನೀನು ಜಗಳಕ್ಕೆ ಬರಬಹುದು, ಬಾ. ಆದರೆ ಅದಕ್ಕೂ ಮೊದಲು ಆ ಸಾಲುಗಳನ್ನು ನೋಡು. ನನ್ನ ಬಳಿ ಇರುವುದು ಇ.ವಿ. ರ್ಯೂ ಅವರ 1950ರ ಗದ್ಯಾನುವಾದ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡದ್ದು, ಬೈಂಡು ಬಿಚ್ಚಿ ಈಗ ರಬ್ಬರ್ ಬ್ಯಾಂಡಿನ ಆಸರೆಯಲ್ಲಿದೆ. ಹತ್ತೊಂಬತ್ತನೆಯ ಸರ್ಗ ತೆಗೆದೆ. ಗ್ರೀಕ್ ವೀರ ಅಕಿಲೀಸನ ಪಾಲಿನ ಬಹುಮಾನವಾಗಿದ್ದ ಬ್ರೈಸೀಸಳನ್ನು ಗ್ರೀಕ್ ಸೇನೆಯ ಒಡೆಯ ಅಗಮೆಮ್ನಾನ್ ಕಿತ್ತುಕೊಂಡಿದ್ದ, ಈಗ ಹಿಂದಿರುಗಿಸಿದ್ದಾನೆ. ಪಾತ್ರೆ, ಕುದುರೆ, ಚಿನ್ನದ ಜೊತೆ ಅವಳೂ ಬರುತ್ತಾಳೆ. ಬಂದವಳಿಗೆ ಮೊದಲು ಕಾಣುವುದು ಅಕಿಲೀಸನ ಜೀವದ ಗೆಳೆಯ ಪೆಟ್ರೋಕ್ಲಸನ ಹೆಣ.

ಅದರ ಮೇಲೆ ಬಿದ್ದು ಅವಳು ಹೇಳುವುದಿಷ್ಟು: ನಾನು ಹೋಗುವಾಗ ನೀನು ಜೀವಂತ ಇದ್ದೆ. ನನಗೆ ಕಷ್ಟದ ಬೆನ್ನಿಗೆ ಕಷ್ಟ. ಅಪ್ಪ ಅಮ್ಮ ನನ್ನನ್ನು ಕೊಟ್ಟಿದ್ದ ಗಂಡ ಊರ ಮುಂದೆ ಕತ್ತರಿಸಿಹೋಗಿದ್ದನ್ನು ಕಂಡೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮೂವರು ತಮ್ಮಣ್ಣಂದಿರೂ ಹೋದರು. ಆ ದಿನ ನೀನು ನನ್ನನ್ನು ಅಳಗೊಡಲಿಲ್ಲ. ಅಕಿಲೀಸನಿಗೆ ನನ್ನನ್ನು ಮದುವೆ ಮಾಡಿಸುತ್ತೇನೆ ಎಂದೆ. ನೀನು ಯಾವಾಗಲೂ ಮೆದು.

ಗಂಡನನ್ನು ಕೊಂದವನ ಜೊತೆಗೇ ಮದುವೆ ಮಾಡಿಸುತ್ತೇನೆ ಎನ್ನುವುದು ಸಮಾಧಾನದ ಮಾತಾಗಿತ್ತು, ಅವಳು ಅದನ್ನು ದಯೆಯೆಂದು ನೆನೆಸಿಕೊಂಡು ಅಳುತ್ತಿದ್ದಾಳೆ! ಇದಕ್ಕಿಂತ ಕ್ರೂರವಾದದ್ದನ್ನು ಬಾರ್ಕರ್ ಕೂಡ ಬರೆದಿಲ್ಲ. ಇದರ ಬೆನ್ನಿಗೇ ಹೋಮರ್ ಇನ್ನೊಂದು ಮಾತು ಸೇರಿಸುತ್ತಾನೆ: ಸುತ್ತ ಇದ್ದ ಹೆಂಗಸರೂ ಅತ್ತರು, ಪೆಟ್ರೋಕ್ಲಸನ ನೆವದಲ್ಲಿ, ಆದರೆ ಒಬ್ಬೊಬ್ಬರೂ ತಂತಮ್ಮ ದುಃಖಕ್ಕೆ. ಅಲ್ಲಿರುವ ಗ್ರೀಕ್ ಶಬ್ದ ‘ಪ್ರೊಫಾಸಿಸ್’. ನನಗೆ ಗ್ರೀಕ್ ಬಾರದು, ಟಿಪ್ಪಣಿ ನೋಡಿ ತಿಳಿದುಕೊಂಡದ್ದು. ಅದಕ್ಕೆ ನಮ್ಮ ‘ನೆವ’ ಎಷ್ಟು ಸರಿಯಾಗಿ ಕೂರುತ್ತದೆ ನೋಡು.

ನಿನ್ನ ಅಜ್ಜಿ ತೀರಿಕೊಂಡ ದಿನ ನೆನಪಿದೆಯೇ? ನೀನಾಗ ಆರನೆಯ ತರಗತಿ. ಅಜ್ಜಿಯ ಜೊತೆ ಎಂದೂ ಹೊಂದಿಕೊಳ್ಳದಿದ್ದ ಹಿಂದಿನ ಮನೆಯಾಕೆ ನಮ್ಮೆಲ್ಲರಿಗಿಂತ ಹೆಚ್ಚು ಅತ್ತಿದ್ದರು, ಜಗುಲಿಯ ಕಂಬ ಹಿಡಿದುಕೊಂಡು. ನನಗೆ ಅಂದು ಸಿಟ್ಟೇ ಬಂದಿತ್ತು. ಈ ಸಾಲು ಓದಿದ ಮೇಲೆ ಆ ಸಿಟ್ಟು ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ.

ಬಾರ್ಕರ್ ಅವರ 2018ರ ಕಾದಂಬರಿ ಹೊಕ್ಕಿರುವುದು ಈ ನೆವದ ಬಾಗಿಲಿನಿಂದಲೇ ಎಂದು ನನಗನ್ನಿಸುತ್ತದೆ. ಬಾಗಿಲು ಅರೆ ತೆರೆದಿಟ್ಟವನು ಹೋಮರನೇ. ಮೊದಲ ಸರ್ಗದಲ್ಲಿ ದೂತರು ಅವಳನ್ನು ಕರೆದೊಯ್ಯುವಾಗ ಅವಳು ‘ಒಲ್ಲದ ಮನಸ್ಸಿನಿಂದ’ ನಡೆದಳು ಎನ್ನುತ್ತಾನೆ. ಆ ಪದ ಇಲ್ಲದೆಯೂ ಕತೆ ಸಾಗುತ್ತಿತ್ತು. ಆದರೂ ಇಟ್ಟ.

ನಿನ್ನ ಸಿಟ್ಟಿನಲ್ಲಿ ಹುರುಳಿಲ್ಲ ಎಂದಲ್ಲ. ಬ್ರೈಸೀಸ್ ಎಂಬುದು ಹೆಸರೇ ಅಲ್ಲ, ಬ್ರಿಸ್ಯೂಸನ ಮಗಳು ಎಂದಷ್ಟೇ ಅದರ ಅರ್ಥ. ದ್ರುಪದನ ಮಗಳು ದ್ರೌಪದಿ, ಜನಕನ ಮಗಳು ಜಾನಕಿ ಆದ ಹಾಗೆ. ನಿನ್ನನ್ನು ಶಾಲೆಗೆ ಸೇರಿಸುವಾಗ ಹೆಸರಿನ ಮುಂದೆ ನನ್ನ ಇನಿಷಿಯಲ್ ಬರೆದವನು ನಾನೇ. ಅಮ್ಮ ಪಕ್ಕದಲ್ಲಿ ನಿಂತಿದ್ದಳು, ಅವಳನ್ನು ಕೇಳಬೇಕೆಂದು ಹೊಳೆಯಲೂ ಇಲ್ಲ.

ಇನ್ನು ಕಂಡವರನ್ನು ಕಲ್ಲಾಗಿಸುವ, ಹಾವುಗೂದಲಿನ ಮೆಡೂಸಾಳ ವಿಷಯ. ಅಥೀನಾ ದೇವಿಯ ಗುಡಿಯಲ್ಲೇ ಸಮುದ್ರದೇವ ಅವಳ ಮೇಲೆ ಬಲಾತ್ಕಾರ ಮಾಡಿದ, ಶಿಕ್ಷೆಯಾಗಿ ಕೂದಲು ಹಾವಾದದ್ದು ಮಾತ್ರ ಅವಳಿಗೆ, ಇದೇ ಅಸಲಿ ಕತೆ, ಇದನ್ನು ಮುಚ್ಚಿಟ್ಟಿದ್ದರು ಎಂದು ನೀನು ಫೋನಿನಲ್ಲಿ ಕೂಗಾಡಿದೆ. ಅದು ಕ್ರಿ.ಶ. 8ರ ಸುಮಾರಿಗೆ ಓವಿಡ್ ಎಂಬ ರೋಮನ್ ಕವಿ ಲ್ಯಾಟಿನ್‌ನಲ್ಲಿ ಹೇಳಿದ ಕತೆ. ಅವನಿಗಿಂತ ಏಳು ಶತಮಾನ ಹಿಂದಿನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಮೆಡೂಸಾ ಗಾರ್ಗನ್ ಎಂಬ ಮೂವರು ಘೋರ ಸೋದರಿಯರಲ್ಲಿ ಒಬ್ಬಳು, ಸಾವುಳ್ಳವಳು ಅವಳೊಬ್ಬಳೇ. ಸಮುದ್ರದೇವ ಅವಳನ್ನು ಕೂಡಿದ್ದು ಮೆತ್ತನೆಯ ಹುಲ್ಲುಗಾವಲಿನಲ್ಲಿ, ವಸಂತದ ಹೂಗಳ ನಡುವೆ. ಶಾಪದ ಸುದ್ದಿಯೇ ಇಲ್ಲ. ಅಂದರೆ ನೀನು ಅಸಲಿ ಎಂದು ಹಿಡಿದದ್ದೂ ಮರುಕಥನವೇ. ಗ್ರೀಕ್ ನಾಟಕಕಾರ ಯೂರಿಪಿಡೀಸ್ ಇನ್ನೂ ದೊಡ್ಡ ಕಿಲಾಡಿ. ಕ್ರಿ.ಪೂ. 412ರಲ್ಲಿ ಅವನು ಆಡಿಸಿದ ನಾಟಕದಲ್ಲಿ, ಯಾರಿಗಾಗಿ ಟ್ರಾಯ್ ಯುದ್ಧ ನಡೆಯಿತೋ ಆ ಹೆಲೆನ್ ಟ್ರಾಯ್‌ಗೆ ಹೋಗಿಯೇ ಇಲ್ಲ, ಹೋದದ್ದು ದೇವರು ಮಾಡಿ ಕಳಿಸಿದ ನೆರಳು, ನಿಜವಾದ ಹೆಲೆನ್ ಈಜಿಪ್ಟಿನಲ್ಲಿ. ನಮ್ಮ ಮಾಯಾಸೀತೆ ನೆನಪಾದಳಲ್ಲವೇ? ಹತ್ತು ವರ್ಷ ಅಷ್ಟು ಜನ ಸತ್ತದ್ದು ಒಂದು ನೆರಳಿಗಾಗಿ ಎಂದು, ಯುದ್ಧದ ನಡುವೆಯೇ ಇದ್ದ ಅಥೆನ್ಸಿನವರ ಮುಂದೆ ಹೇಳಲು ಎದೆ ಬೇಕು.

ಬೇಸಿಗೆಯಲ್ಲಿ ನೀನು ಓದಿಸಿದ ಮ್ಯಾಡಲಿನ್ ಮಿಲ್ಲರ್ ಅವರ ‘ಸರ್ಸಿ’ಯ ಬಗ್ಗೆ ನಾನು ಬಾಯಿ ಬಿಡಲೇ ಇಲ್ಲ ಎಂಬ ದೂರು ನಿನ್ನದು. ಇಗೋ. ಹೋಮರನ ಇನ್ನೊಂದು ಮಹಾಕಾವ್ಯ ಒಡಿಸ್ಸಿಯಲ್ಲಿ ಮಾಟಗಾತಿ ಸರ್ಸಿಯನ್ನು ‘ಮನುಷ್ಯರ ದನಿಯುಳ್ಳ ಭಯಂಕರ ದೇವತೆ’ ಎಂದು ಕರೆಯುತ್ತಾರೆ. ಆ ‘ಮನುಷ್ಯರ ದನಿ’ಯನ್ನೇ ಬೀಜವಾಗಿ ನೆಟ್ಟು ಮಿಲ್ಲರ್ ಮರ ಬೆಳೆಸಿದ್ದಾರೆ, ಅದಕ್ಕೆ ನನ್ನ ನಮಸ್ಕಾರ. ತಕರಾರು ಇರುವುದು ಹಂದಿಗಳಲ್ಲಿ. ಹೋಮರ್‌ನಲ್ಲಿ ಸರ್ಸಿ ನಾವಿಕರನ್ನು ಹಂದಿ ಮಾಡುತ್ತಾಳೆ, ಯಾಕೆ ಎಂದು ಅವನು ಹೇಳುವುದಿಲ್ಲ. ಮಾಡಬಲ್ಲಳು, ಮಾಡುತ್ತಾಳೆ. ಮಿಲ್ಲರ್ ಕಾರಣ ಕೊಡುತ್ತಾರೆ: ಅವಳು ಆಶ್ರಯ ಕೊಟ್ಟ ನಾವಿಕರಿಂದಲೇ ದೌರ್ಜನ್ಯ ನಡೆದಿತ್ತು. ಓದುವಾಗ ಹೊಟ್ಟೆ ಕಿವುಚಿತು ನಿಜ. ಆದರೆ ಹೆಣ್ಣು ಭಯಂಕರಳಾಗಲು ಮೊದಲು ಗಾಯಗೊಳ್ಳಲೇಬೇಕೇ? ಸಿಡಿಲು ಎಸೆಯುವ ದೇವರಾಜ ಜ್ಯೂಸ್‌ನನ್ನು ನಿನ್ನ ಬಾಲ್ಯದಲ್ಲಿ ಏನಾಯಿತಪ್ಪಾ ಎಂದು ಯಾರೂ ವಿಚಾರಿಸುವುದಿಲ್ಲ. ಕಾರಣವೇ ಇಲ್ಲದ ಆ ಹಳೆಯ ಸರ್ಸಿ ನನಗೆ ಹೆಚ್ಚು ಸ್ವತಂತ್ರಳಾಗಿ ಕಾಣುತ್ತಾಳೆ. ನೀನು ಒಪ್ಪುವುದಿಲ್ಲ, ಗೊತ್ತು.

ಗ್ರೀಕ್ ಕತೆಯ ಮರುಕಥನ ಈಗ ಬಂದ ಹೊಸ ಹುಚ್ಚು ಎಂದುಕೊಳ್ಳಬೇಡ. ಬಿ.ಎಂ.ಶ್ರೀ. 1929ರಲ್ಲೇ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ವೀರ ಏಜಾಕ್ಸ್‌ನನ್ನು ತಂದು ನಮ್ಮ ಅಶ್ವತ್ಥಾಮನ ಮೈಮೇಲೆ ಬರಿಸಿದರು. ಹುಚ್ಚಿನಲ್ಲಿ ದನಗಳನ್ನು ಶತ್ರುಗಳೆಂದು ಕಡಿದು, ತಿಳಿವು ಬಂದ ಮೇಲೆ ನಾಚಿಕೆಯಿಂದ ತನ್ನ ಕತ್ತಿಗೆ ತಾನೇ ಬೀಳುವವನು ಏಜಾಕ್ಸ್. ನಮ್ಮವನೋ ಚಿರಂಜೀವಿ, ಸಾಯುವಂತೆಯೇ ಇಲ್ಲ. ‘ಅಶ್ವತ್ಥಾಮನ್’ ನಾಟಕದಲ್ಲಿ ಮೇಷ್ಟರು ಅವನನ್ನು ಸಾಯಿಸಿಯೇಬಿಟ್ಟರು. ಕನ್ನಡ ಮೇಷ್ಟರೊಬ್ಬರು ಗ್ರೀಕರ ಬಲದಿಂದ ಚಿರಂಜೀವಿಯೊಬ್ಬನಿಗೆ ಸಾವು ಕರುಣಿಸಿದ್ದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಬೆನ್ನಿಗೇ ಗೌರವ. ಆ ಪ್ರತಿ ಅಟ್ಟದ ಮೇಲಿದೆ, ಮುಂದಿನ ಸಲ ಇಬ್ಬರೂ ಗಟ್ಟಿಯಾಗಿ ಓದೋಣ.

ನಿನ್ನ ಪುಸ್ತಕದ ಆ ಅಂಚಿನಲ್ಲಿ ನಿನ್ನ ಮಾತಿನ ಕೆಳಗೆ ನಾನೂ ಪೆನ್ಸಿಲಿನಲ್ಲಿ ‘19ನೆಯ ಸರ್ಗ ನೋಡು’ ಎಂದು ಬರೆದೆ. ನಿನ್ನೆ ನೋಡಿದರೆ ಅದರ ಕೆಳಗೆ ಮೂರನೆಯ ಕೈಬರಹ: ‘ಹದಿನಾಲ್ಕೇ ಸಾಲಿಗೆ ಇಷ್ಟು ಬೀಗಬೇಕೇ?’ ಪುಸ್ತಕ ಈಗ ಅಮ್ಮನ ವಶದಲ್ಲಿದೆ. ಅಡುಗೆಮನೆಯ ಕಿಟಕಿಯಲ್ಲಿ, ಬೆಂಕಿಪೊಟ್ಟಣವನ್ನು ಗುರುತಿಗೆ ಸಿಕ್ಕಿಸಿಕೊಂಡು ಕೂತಿದೆ. ಈ ವಾರ ಅಂಚೆಗೆ ಬೀಳುವ ಲಕ್ಷಣವಿಲ್ಲ.

ಇಂತು ನಿನ್ನ
ಅಪ್ಪ